ಮುಖಕ್ಕೆ ಹಚ್ಚುವ ಕ್ರೀಮು: ಯಾವುದು, ಎಷ್ಟು, ಯಾವಾಗ?

ಮಾಗಿ ಬಂತೆಂದರೆ ಮುಖ ಒಣಗುತ್ತದೆ ಎನ್ನುವ ಪತ್ರಗಳು, ಕ್ರೀಮು ಹಚ್ಚಿದರೂ ಒಣಗುತ್ತದೆ ಎನ್ನುವ ಪತ್ರಗಳು ಈ ಅಂಕಣಕ್ಕೆ ಒಟ್ಟೊಟ್ಟಿಗೇ ಬರುತ್ತವೆ. ಹಾಗಾಗಿ ಈ ಸಲ ಮಾಯಿಶ್ಚರೈಸರ್ ಕುರಿತ ಪ್ರಶ್ನೆಗಳನ್ನೇ ಆರಿಸಿಕೊಂಡಿದ್ದೇವೆ. ಪತ್ರಗಳನ್ನು ತುಸು ಮೊಟಕು ಮಾಡಿದೆ.

ಡಾಕ್ಟ್ರೇ, ನನಗೆ 34 ವರ್ಷ. ದೀಪಾವಳಿ ದಾಟಿದರೆ ಸಾಕು, ಮುಖ ಬಿಗಿಯುತ್ತದೆ, ಕೆನ್ನೆ ಮೇಲೆ ಬೆಳ್ಳಗೆ ಪುಡಿ ಏಳುತ್ತದೆ. ಸ್ನಾನ, ಪೂಜೆ, ಅಡುಗೆ ಎಲ್ಲ ಮುಗಿಸಿ ಆಫೀಸಿಗೆ ಹೊರಡುವಾಗ ಕೋಲ್ಡ್ ಕ್ರೀಮ್ ಹಚ್ಚುತ್ತೇನೆ. ಅರ್ಧ ಗಂಟೆಗೆ ಮತ್ತೆ ಅದೇ ಬಿಗಿತ. ಸೋಪೂ ಗ್ಲಿಸರಿನ್‌ದೇ. ಇನ್ನೂ ದುಬಾರಿ ಕ್ರೀಮ್ ತಗೋಬೇಕಾ?
— ಓದುಗರು, ರಾಯಚೂರು

ಬೇಡ. ಕ್ರೀಮ್ ಬದಲಿಸುವ ಮೊದಲು ಹಚ್ಚುವ ಹೊತ್ತು ಬದಲಿಸಿ. ಸ್ನಾನಕ್ಕೂ ಕ್ರೀಮಿಗೂ ನಡುವೆ ನಿಮ್ಮಲ್ಲಿ ಕಡಿಮೆಯೆಂದರೂ ಒಂದು ಗಂಟೆ ಕಳೆಯುತ್ತಿದೆ. ತೊಂದರೆ ಇರುವುದು ಅಲ್ಲೇ.

ಚರ್ಮದ ತೀರಾ ಮೇಲಿನದು ಸತ್ತ ಕೋಶಗಳ ಪದರ. ಇಟ್ಟಿಗೆಗಳ ನಡುವೆ ಗಾರೆ ಇದ್ದಂತೆ ಆ ಕೋಶಗಳ ನಡುವೆ ಸೆರಮೈಡ್, ಕೊಲೆಸ್ಟರಾಲ್, ಕೊಬ್ಬಿನಾಮ್ಲ ಎಂಬ ಮೂರು ಬಗೆಯ ಜಿಡ್ಡು ತುಂಬಿಕೊಂಡಿರುತ್ತದೆ. ಬೆವರು ಬರದಿದ್ದರೂ ದೇಹದೊಳಗಿನ ನೀರು ಈ ಪದರದ ಮೂಲಕ ಸದಾ ಆವಿಯಾಗುತ್ತಲೇ ಇರುತ್ತದೆ. ಗಾರೆ ಗಟ್ಟಿಯಿದ್ದರೆ ಹೋಗುವುದು ಕಡಿಮೆ, ಸವೆದಿದ್ದರೆ ಹೆಚ್ಚು. ಗಾಳಿ ಒಣಗಿದ್ದಷ್ಟೂ ಇನ್ನೂ ಹೆಚ್ಚು. ಮಾಯಿಶ್ಚರೈಸರ್ ಚರ್ಮಕ್ಕೆ ಊಟ ಬಡಿಸುವುದಿಲ್ಲ, ಜಾಹೀರಾತು ಏನೇ ಹೇಳಲಿ. ಮೇಲ್ಪದರದಲ್ಲಿ ಇರುವ ನೀರನ್ನು ಹಿಡಿದಿಡುವುದು, ಹೊರಟಿರುವುದನ್ನು ತಡೆಯುವುದು, ಇಷ್ಟೇ ಅದರ ಕೆಲಸ. ಮುಖ ಪೂರ್ತಿ ಆರಿದ ಮೇಲೆ ಹಚ್ಚಿದರೆ ಹಿಡಿದಿಡಲು ಹೆಚ್ಚೇನೂ ಉಳಿದಿರುವುದಿಲ್ಲ.

ಇನ್ನು ಸೋಪು. ಪಾರದರ್ಶಕ ಗ್ಲಿಸರಿನ್ ಸೋಪೂ ಸೋಪೇ. ಚರ್ಮದ ಪಿಎಚ್ (ಆಮ್ಲ-ಕ್ಷಾರದ ಅಳತೆ) ಸುಮಾರು 4.5ರಿಂದ 5.5, ಸೋಪಿನದು 9ರಿಂದ 10. ಅದು ಕೊಳೆಯ ಜೊತೆಗೆ ಗಾರೆಯನ್ನೂ ಅಷ್ಟಿಷ್ಟು ತೊಳೆದು ಹಾಕುತ್ತದೆ. ಟಿಎಫ್‌ಎಂ (ಒಟ್ಟು ಕೊಬ್ಬಿನಂಶ) 76 ಇದ್ದರೆ ಮೆತ್ತಗಿನ ಸೋಪು ಎಂಬ ಮಾತು ಈಗ ಮನೆ ಮನೆಯಲ್ಲೂ ಕೇಳಿಬರುತ್ತದೆ. ಗ್ರೇಡ್ 1 ಸೋಪಿಗೆ ಕನಿಷ್ಠ ಶೇ 76 ಟಿಎಫ್‌ಎಂ ಇರಬೇಕೆಂಬುದು ನಿಜ. ಆದರೆ ಅದು ಆ ಬಿಲ್ಲೆಯಲ್ಲಿ ಸೋಪಿನಂಶ ಎಷ್ಟು ಎಂಬುದರ ಲೆಕ್ಕ; ಒಣಚರ್ಮಕ್ಕೆ ಅದರಿಂದ ಯಾವ ಭರವಸೆಯೂ ಸಿಗುವುದಿಲ್ಲ. ನಿಮ್ಮ ಕಡೆಯ ಬೋರ್‌ವೆಲ್ ನೀರು ಗಡಸಾಗಿದ್ದರೆ ಇನ್ನೊಂದು ತೊಡಕು. ನೀರಿನ ಸುಣ್ಣದಂಶದೊಂದಿಗೆ ಸೋಪು ಸೇರಿ ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟುತ್ತದಲ್ಲ, ಅದೇ ಪೊರೆ ಎಷ್ಟು ತೊಳೆದರೂ ತೆಳ್ಳಗೆ ಕೆನ್ನೆ ಮೇಲೂ ಉಳಿಯುತ್ತದೆ. ಬಿಗಿತ, ನವೆ ಎರಡೂ ಅದರಿಂದ ಹೆಚ್ಚುತ್ತವೆ.

ಹೀಗೆ ಮಾಡಿ. ಮುಖಕ್ಕೆ ಸೋಪು ನಿಲ್ಲಿಸಿ, ‘ಸೋಪ್-ಫ್ರೀ’ ಅಥವಾ ‘ಸಿಂಡೆಟ್’ ಎಂದು ಬರೆದಿರುವ ಕ್ಲೆನ್ಸರ್ ತನ್ನಿ. ಅದನ್ನೂ ಸಂಜೆ ಒಮ್ಮೆ ಬಳಸಿದರೆ ಸಾಕು. ಬೆಳಗ್ಗೆ ಬರೀ ನೀರು. ಹಂಡೆಯ ಸುಡುನೀರು ಮೈಗೆಷ್ಟು ಹಿತವಾದರೂ ಮುಖಕ್ಕೆ ಉಗುರುಬೆಚ್ಚಗಿನದೇ ಇರಲಿ. ಟವೆಲ್ಲಿನಿಂದ ಉಜ್ಜಬೇಡಿ, ಒತ್ತಿ ತೆಗೆಯಿರಿ. ಮುಖ ಮುಟ್ಟಿದರೆ ಇನ್ನೂ ತೇವ ಸಿಗುವಂತಿರುವಾಗ, ಎರಡು ಮೂರು ನಿಮಿಷದೊಳಗೆ ಕ್ರೀಮ್ ಹಚ್ಚಿ. ಟ್ಯೂಬನ್ನು ಕನ್ನಡಿಯ ಮುಂದಿನಿಂದ ಎತ್ತಿ ಬಚ್ಚಲಮನೆಯ ಗೂಡಿನಲ್ಲಿಡಿ, ಆಗ ಮರೆಯುವುದಿಲ್ಲ.

ಎಷ್ಟು ಹಚ್ಚಬೇಕು? ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಉದ್ದಕ್ಕೆ ಒಂದು ಎಳೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಮುಖಕ್ಕೂ ಕುತ್ತಿಗೆಗೂ ಸೇರಿ ಅಂಥ ಎರಡು, ಎರಡೂವರೆ ಎಳೆ ಬೇಕು. ದಿನಕ್ಕೆರಡು ಸಲ ಈ ಲೆಕ್ಕದಲ್ಲಿ ಹಚ್ಚಿದರೆ 50 ಗ್ರಾಂ ಟ್ಯೂಬು ಮೂರು, ಮೂರೂವರೆ ವಾರಕ್ಕೆ ಮುಗಿಯುತ್ತದೆ. ಅದೇ ಟ್ಯೂಬು ನಾಲ್ಕು ತಿಂಗಳು ಬಂತು ಅಂದರೆ ಬೇಕಾದ್ದರ ಹೆಚ್ಚುಕಮ್ಮಿ ಐದನೇ ಒಂದು ಭಾಗವಷ್ಟೇ ಮುಖಕ್ಕೆ ಬಿದ್ದಿದೆ. ದುಬಾರಿ ಕ್ರೀಮನ್ನು ಕಂಜೂಸಿತನದಿಂದ ಸವರುವುದಕ್ಕಿಂತ ಅಗ್ಗದ್ದನ್ನು ಧಾರಾಳವಾಗಿ ಹಚ್ಚುವುದು ಮೇಲು.

ರಾಯಚೂರಿನ ಒಣಹವೆಗೆ ಕೋಲ್ಡ್ ಕ್ರೀಮ್ ತಪ್ಪು ಆಯ್ಕೆಯೇನಲ್ಲ. ಎರಡು ವಾರ ಈ ಕ್ರಮದಲ್ಲಿ ನಡೆದು ನೋಡಿ. ಆಗಲೂ ಬಿಗಿತ ಉಳಿದರೆ ಮಾತ್ರ ಬದಲಿಸುವ ಯೋಚನೆ ಮಾಡಿ. ಬದಲಿಸುವುದಾದರೆ ಏನನ್ನು ನೋಡಬೇಕೆಂಬುದು ಮುಂದಿನ ಉತ್ತರದಲ್ಲಿದೆ.

ಮೇಡಂ, ಒಂದೇ ಅಳತೆಯ ಎರಡು ಟ್ಯೂಬು. ಒಂದಕ್ಕೆ 250 ರೂಪಾಯಿ, ಇನ್ನೊಂದಕ್ಕೆ 1,900. ಹಿಂದೆ ಸಣ್ಣಕ್ಷರದಲ್ಲಿ ಉದ್ದದ ಪಟ್ಟಿ. ಅದರಲ್ಲಿ ಏನು ಓದಬೇಕು? ‘ಡರ್ಮಟಾಲಜಿಸ್ಟ್ ಟೆಸ್ಟೆಡ್’ ಅಂತ ಇದ್ದರೆ ಸಾಕಾ?
— ಓದುಗರು, ಬೆಂಗಳೂರು

ಮುಂಭಾಗದ ಮಾತುಗಳನ್ನು ಓದಲೇಬೇಡಿ. ‘ಡರ್ಮಟಾಲಜಿಸ್ಟ್ ಟೆಸ್ಟೆಡ್’ ಎಂದರೆ ಪರೀಕ್ಷೆಯ ಹೊತ್ತಿಗೆ ಒಬ್ಬ ಚರ್ಮವೈದ್ಯರು ಇದ್ದರು ಎಂದಷ್ಟೇ. ಏನನ್ನು ಪರೀಕ್ಷಿಸಿದರು, ಏನು ಕಂಡಿತು, ಯಾವುದೂ ಅದರಲ್ಲಿಲ್ಲ. ‘ಹೈಪೋಅಲರ್ಜೆನಿಕ್’ (ಅಲರ್ಜಿ ತರುವುದು ಕಡಿಮೆ), ‘ನಾನ್-ಕಾಮೆಡೋಜೆನಿಕ್’ (ರಂಧ್ರ ಕಟ್ಟುವುದಿಲ್ಲ) ಎಂಬುದಕ್ಕೂ ಎಲ್ಲರೂ ಒಪ್ಪಿದ ಒಂದೇ ಅಳತೆಗೋಲಿಲ್ಲ.

ಟ್ಯೂಬು ತಿರುಗಿಸಿ. ಶೇ 1ಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ಹೆಚ್ಚಿನಿಂದ ಕಡಿಮೆಗೆ ಇಳಿಯುವ ಕ್ರಮದಲ್ಲಿ ಬರೆಯಬೇಕೆಂದು ನಮ್ಮ ನಿಯಮ. ಅದಕ್ಕಿಂತ ಕಡಿಮೆಯವು ಆಮೇಲೆ ಯಾವ ಕ್ರಮದಲ್ಲಿ ಬಂದರೂ ನಡೆಯುತ್ತದೆ. ಆ ಶೇ 1ರ ಗೆರೆ ಎಲ್ಲಿ ಬಿತ್ತು ಎಂದು ಯಾರೂ ಗುರುತು ಹಾಕುವುದಿಲ್ಲ. ಅದಕ್ಕೊಂದು ಉಪಾಯವಿದೆ: ಫಿನಾಕ್ಸಿಎಥನಾಲ್ ಎಂಬ ಸಂರಕ್ಷಕದ ಹೆಸರು ಹುಡುಕಿ. ಅದನ್ನು ಸಾಮಾನ್ಯವಾಗಿ ಶೇ 1ಕ್ಕಿಂತ ಹೆಚ್ಚು ಹಾಕುವುದಿಲ್ಲ. ಹಾಗಾಗಿ ಅದರ ನಂತರದ ಹೆಸರುಗಳು ಬಹುಪಾಲು ಚಿಟಿಕೆ ಲೆಕ್ಕದವು. ಡಬ್ಬಿಯ ಮುಂದೆ ದೊಡ್ಡದಾಗಿ ಕೇಸರಿಯ ಚಿತ್ರವಿದ್ದು, ಹಿಂದೆ ಕೇಸರಿ ಫಿನಾಕ್ಸಿಎಥನಾಲ್ ಆದಮೇಲೆ ಬಂದರೆ ನೀವು ದುಡ್ಡು ಕೊಟ್ಟದ್ದು ಚಿತ್ರಕ್ಕೆ. ಸೆರಮೈಡಿಗೆ ಮಾತ್ರ ಈ ತಕರಾರು ಬೇಡ, ಅದನ್ನು ಹಾಕುವುದೇ ಸ್ವಲ್ಪ.

ಪಟ್ಟಿಯಲ್ಲಿ ಮೂರು ಬಗೆ ಹುಡುಕಿ. ಮೊದಲನೆಯದು ನೀರು ಹಿಡಿಯುವವು: ಗ್ಲಿಸರಿನ್, ಯೂರಿಯಾ, ಸಾರ್ಬಿಟಾಲ್, ಪ್ಯಾಂಥೆನಾಲ್, ಹೆಸರಿಗೆ ಭಾರೀ ಬೆಲೆ ಕಟ್ಟಿಸಿಕೊಂಡಿರುವ ಹಯಲುರೋನಿಕ್ ಆಸಿಡ್. ಇವುಗಳಲ್ಲಿ ಗ್ಲಿಸರಿನ್ ಅಗ್ಗ, ಹಳೆಯದು, ಚೆನ್ನಾಗಿಯೂ ಕೆಲಸ ಮಾಡುತ್ತದೆ. ನೀರಿನ ನಂತರ ಎರಡನೆಯದೋ ಮೂರನೆಯದೋ ಅದೇ ಇದ್ದರೆ ಒಳ್ಳೆಯ ಲಕ್ಷಣ. ಎರಡನೆಯದು ಮುಚ್ಚುವವು: ಪೆಟ್ರೋಲೇಟಂ, ಲಿಕ್ವಿಡ್ ಪ್ಯಾರಾಫಿನ್, ಡೈಮೆಥಿಕೋನ್, ಜೇನುಮೇಣ. ಮೆಡಿಕಲ್ ಶಾಪಿನ ಟ್ಯೂಬುಗಳ ಮೇಲೆ ಪೆಟ್ರೋಲೇಟಂ ಅನ್ನು ‘ವೈಟ್ ಸಾಫ್ಟ್ ಪ್ಯಾರಾಫಿನ್’ ಎಂದು ಬರೆದಿರುತ್ತಾರೆ, ಎರಡೂ ಒಂದೇ. ಮೂರನೆಯದು ಒರಟು ತೆಗೆದು ನುಣುಪು ಕೊಡುವವು: ಸ್ಕ್ವಾಲೇನ್, ಶಿಯಾ ಬಟರ್, ಸಿಟೈಲ್ ಆಲ್ಕೋಹಾಲ್. ಈ ಕೊನೆಯ ಹೆಸರಿನ ‘ಆಲ್ಕೋಹಾಲ್’ ನೋಡಿ ಹೆದರಬೇಡಿ, ಅದು ಮೇಣದಂಥ ಕೊಬ್ಬು. ಒಣಗಿಸುವುದು ‘ಆಲ್ಕೋಹಾಲ್ ಡಿನ್ಯಾಚರ್ಡ್’ ಎಂದೋ ಎಥನಾಲ್ ಎಂದೋ ಪಟ್ಟಿಯ ಮೇಲುಭಾಗದಲ್ಲಿ ಕೂತಿರುವುದು.

ಒಣಚರ್ಮಕ್ಕೆ ಮೂರೂ ಬಗೆ ಇರುವ ಗಟ್ಟಿ ಕ್ರೀಮ್. ಎಣ್ಣೆಚರ್ಮಕ್ಕೆ ಗ್ಲಿಸರಿನ್ ಮತ್ತು ಡೈಮೆಥಿಕೋನ್ ಇರುವ ಜೆಲ್ ಅಥವಾ ನೀರಾದ ಲೋಶನ್. ನಯಾಸಿನಮೈಡ್ (ಬಿ3 ವಿಟಮಿನ್ನಿನ ಒಂದು ರೂಪ) ಇದ್ದರೆ ಲಾಭವೇ, ಶೇ 2ರಿಂದ 5 ಸಾಕು. ಶೇ 10 ಎಂದು ಹೆಮ್ಮೆಯಿಂದ ಬರೆದದ್ದು ಕೆಲವರ ಮುಖ ಕೆಂಪಾಗಿಸಿ ಉರಿಸುತ್ತದೆ.

ತಪ್ಪಿಸಬೇಕಾದ್ದು ಮುಖ್ಯವಾಗಿ ಒಂದೇ, ಪರಿಮಳ. ‘ಪರ್ಫ್ಯೂಮ್’, ‘ಪಾರ್ಫಂ’, ‘ಫ್ರಾಗ್ರೆನ್ಸ್’ ಎಂದಿದ್ದರೆ ಸೂಕ್ಷ್ಮ ಚರ್ಮದವರು ಕೆಳಗಿಡಿ. ಲ್ಯಾವೆಂಡರ್ ಎಣ್ಣೆ, ಕಿತ್ತಳೆ ಸಿಪ್ಪೆಯ ಎಣ್ಣೆ ಎಂದು ಸಹಜ ವೇಷದಲ್ಲಿ ಬಂದರೂ ಚರ್ಮಕ್ಕೆ ಅದು ಪರಿಮಳವೇ. ‘ಅನ್‌ಸೆಂಟೆಡ್’ ಎಂಬುದನ್ನೂ ನಂಬಬೇಡಿ. ಮೂಲ ವಾಸನೆ ಮುಚ್ಚಲು ಅದರಲ್ಲೂ ಪರಿಮಳ ಸೇರಿಸಿರಬಹುದು. ‘ಫ್ರಾಗ್ರೆನ್ಸ್-ಫ್ರೀ’ ಎಂದಿರಬೇಕು.

ನಿಮ್ಮ 250 ರೂಪಾಯಿಯ ಟ್ಯೂಬಿನ ಮೊದಲ ಐದಾರು ಹೆಸರುಗಳೊಳಗೆ ಗ್ಲಿಸರಿನ್ ಇದ್ದು, ಜೊತೆಗೆ ಪೆಟ್ರೋಲೇಟಂ ಅಥವಾ ಡೈಮೆಥಿಕೋನ್ ಇದ್ದು, ಪರಿಮಳ ಇಲ್ಲದಿದ್ದರೆ ಅದನ್ನೇ ಕೊಳ್ಳಿ. ಉಳಿದ 1,650 ರೂಪಾಯಿಯಲ್ಲಿ ಒಂದೆರಡು ಸನ್‌ಸ್ಕ್ರೀನ್ ಬರುತ್ತದೆ, ಮುಖಕ್ಕೆ ಅದರಿಂದಲೇ ಹೆಚ್ಚು ಉಪಯೋಗ.

ಹೊಸದು ತಂದ ದಿನವೇ ಮುಖಕ್ಕೆ ಬಳಿಯಬೇಡಿ. ಮೊಣಕೈಯ ಒಳಮಡಿಕೆಯ ಹತ್ತಿರ, ನಾಣ್ಯದಷ್ಟು ಜಾಗಕ್ಕೆ ದಿನಕ್ಕೆರಡು ಸಲದಂತೆ ಏಳು ದಿನ ಹಚ್ಚಿ. ಅಲರ್ಜಿ ಹೊರಬೀಳಲು ಎರಡು ಮೂರು ದಿನ ಹಿಡಿಯುವುದರಿಂದ ಒಂದು ರಾತ್ರಿಯ ಪರೀಕ್ಷೆ ಸಾಲದು. ಕೆಂಪು, ನವೆ, ಸಣ್ಣ ಗುಳ್ಳೆ ಬಂದರೆ ಅಲ್ಲಿಗೆ ನಿಲ್ಲಿಸಿ. ಡಬ್ಬಿಗಿಂತ ಟ್ಯೂಬು ಅಥವಾ ಪಂಪು ಒಳ್ಳೆಯದು, ಬೆರಳು ಅದ್ದುವ ಪ್ರಮೇಯವಿಲ್ಲ. ತೆರೆದ ಡಬ್ಬಿಯ ಚಿತ್ರದೊಳಗೆ ‘6 ಎಂ’ ಅಥವಾ ‘12 ಎಂ’ ಎಂದಿರುವುದು ತೆರೆದ ಮೇಲೆ ಎಷ್ಟು ತಿಂಗಳು ಬಳಸಬಹುದೆಂಬ ಗುರುತು.

ನನಗೆ 19. ಮಧ್ಯಾಹ್ನದೊಳಗೆ ಮುಖವೆಲ್ಲ ಎಣ್ಣೆ ಎಣ್ಣೆ. ಮೊಡವೆಗೆ ಡಾಕ್ಟರು ರಾತ್ರಿ ಹಚ್ಚಲು ಅಡಾಪಲೀನ್ ಜೆಲ್ ಕೊಟ್ಟಿದ್ದಾರೆ. ಬಾಯಿಯ ಸುತ್ತ ಸಿಪ್ಪೆ ಏಳ್ತಿದೆ, ಉರಿ. ಅಮ್ಮ ತೆಂಗಿನೆಣ್ಣೆ ಹಚ್ಚು ಅಂತಾರೆ. ಎಣ್ಣೆ ಮುಖಕ್ಕೆ ಮಾಯಿಶ್ಚರೈಸರ್ ಬೇಕಾ ಮೇಡಂ?
— ವಿದ್ಯಾರ್ಥಿನಿ, ಮಂಗಳೂರು

ಬೇಕು. ಎಣ್ಣೆ ಗ್ರಂಥಿಯಿಂದ ಬರುವ ಜಿಡ್ಡು ಬೇರೆ, ಮೇಲ್ಪದರದ ನೀರು ಬೇರೆ. ಮೇಲೆ ಜಿಡ್ಡು ಸುರಿಯುತ್ತಿದ್ದರೂ ಕೆಳಗೆ ನೀರು ಕಡಿಮೆ ಇರಬಹುದು. ಅಡಾಪಲೀನ್ ಹಚ್ಚಿದ ಮೊದಲ ಎರಡರಿಂದ ನಾಲ್ಕು ವಾರ ಆಗುವುದೇ ಹೀಗೆ. ಈ ಸಿಪ್ಪೆ ನೋಡಿ ಔಷಧ ಆಗಿಬರಲಿಲ್ಲ ಎಂದು ಬಿಟ್ಟುಬಿಡುವವರು ಬಹಳ. ಬಿಡಬೇಡಿ, ಹಚ್ಚುವ ರೀತಿ ಬದಲಿಸಿ.

ರಾತ್ರಿ ಮುಖ ತೊಳೆದು ಪೂರ್ತಿ ಒಣಗಲು ಬಿಡಿ. ಮೊದಲ ಉತ್ತರದ ‘ತೇವದ ಮೇಲೆ ಹಚ್ಚಿ’ ಎಂಬ ಸಲಹೆ ಈ ಔಷಧಕ್ಕೆ ಅನ್ವಯಿಸುವುದಿಲ್ಲ, ಒದ್ದೆ ಮುಖದ ಮೇಲೆ ಉರಿ ಹೆಚ್ಚು. ಮೂಗಿನ ಹೊಳ್ಳೆಯ ಸಂದಿ, ತುಟಿಯ ಅಂಚು, ಕಣ್ಣಿನ ಮೂಲೆಗಳಿಗೆ ಮೊದಲು ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ. ಆಮೇಲೆ ಮುಖಕ್ಕೆ ತೆಳುವಾಗಿ ಜೆಲ್ ಮಾಯಿಶ್ಚರೈಸರ್. ಹತ್ತು ನಿಮಿಷ ಬಿಟ್ಟು ಬಟಾಣಿ ಕಾಳಿನಷ್ಟು ಅಡಾಪಲೀನ್: ಹಣೆ, ಮೂಗು, ಎರಡು ಕೆನ್ನೆ, ಗದ್ದಕ್ಕೆ ಒಂದೊಂದು ಚುಕ್ಕಿ ಇಟ್ಟು ಹರಡಿ. ಮೊಡವೆಯ ತಲೆ ಮೇಲೆ ಮಾತ್ರ ಗುಡ್ಡೆ ಹಾಕುವುದು ತಪ್ಪು. ಇನ್ನೂ ಹೊರಗೆ ಕಾಣದ ಮೊಡವೆಗೇ ಅದು ಹೆಚ್ಚು ಬೇಕಾದ್ದು. ಕೊನೆಗೆ ಮತ್ತೊಂದು ತೆಳು ಪದರ ಮಾಯಿಶ್ಚರೈಸರ್. ಎರಡು ವಾರ ದಿನ ಬಿಟ್ಟು ದಿನ ಹಚ್ಚಿ, ಉರಿ ಇಳಿದ ಮೇಲೆ ದಿನವೂ. ಫಲ ಕಾಣಲು 8ರಿಂದ 12 ವಾರ ಬೇಕು. ಡಾಕ್ಟರು ಮುಂದೆ ಬೆನ್‌ಜಾಯ್ಲ್ ಪೆರಾಕ್ಸೈಡ್ ಸೇರಿಸಿದರೆ ದಿಂಬಿಗೆ ಬಿಳಿ ಬಟ್ಟೆ ಹಾಕಿ, ಬಣ್ಣದ ಬಟ್ಟೆಯನ್ನು ಅದು ಬಿಳಿಚಿಸುತ್ತದೆ. ಗರ್ಭಿಣಿಯರಿಗೆ, ಗರ್ಭ ಧರಿಸುವ ಯೋಚನೆ ಇರುವವರಿಗೆ ಅಡಾಪಲೀನ್ ಬೇಡ.

ತೆಂಗಿನೆಣ್ಣೆ ಕೈಕಾಲಿಗೆ ಒಳ್ಳೆಯದು, ಅಮ್ಮನ ಮಾತು ಅಷ್ಟರಮಟ್ಟಿಗೆ ಸರಿ. ಮೊಡವೆ ಏಳುವ ಮುಖದಲ್ಲಿ ಮಾತ್ರ ಅದು ರಂಧ್ರ ಕಟ್ಟುತ್ತದೆ. ತಲೆಗೆ ಹಚ್ಚಿದ್ದೂ ಬೆವರಿನೊಂದಿಗೆ ಹಣೆಗೆ ಇಳಿಯುತ್ತದೆ. ಹಣೆಯ ಮೇಲಂಚಿನಲ್ಲೇ ಸಾಲಾಗಿ ಸಣ್ಣ ಗುಳ್ಳೆ ಇದ್ದರೆ ಎಣ್ಣೆಯನ್ನು ತಲೆಸ್ನಾನಕ್ಕೆ ಒಂದು ಗಂಟೆ ಮುಂಚೆ ಮಾತ್ರ ಹಾಕಿಕೊಳ್ಳಿ. ಮಂಗಳೂರಿನ ಸೆಕೆಯಲ್ಲಿ ಬೆಳಗ್ಗೆ ಬೇರೆ ಮಾಯಿಶ್ಚರೈಸರ್ ಬೇಕಿಲ್ಲ, ಜೆಲ್ ಸನ್‌ಸ್ಕ್ರೀನೇ ಎರಡೂ ಕೆಲಸ ಮಾಡುತ್ತದೆ. ದಿನಕ್ಕೆ ನಾಲ್ಕೈದು ಸಲ ಫೇಸ್‌ವಾಶ್ ಹಾಕುತ್ತಿದ್ದರೆ ಎರಡಕ್ಕೆ ಇಳಿಸಿ.

ಸರ್, ವಯಸ್ಸು 41. ಮೂಗಿನ ಎರಡೂ ಪಕ್ಕ, ಹುಬ್ಬಿನೊಳಗೆ, ಗಡ್ಡದ ಬುಡದಾಗ ಹೊಟ್ಟು ಏಳತೈತಿ. ಒಣಚರ್ಮ ಅಂತ ಬಾದಾಮಿ ಎಣ್ಣಿ ಹಚ್ಚಿದೆ, ಆಲಿವ್ ಎಣ್ಣಿ ಹಚ್ಚಿದೆ. ಹಚ್ಚಿದಷ್ಟೂ ಜಾಸ್ತಿ ಆಗ್ಯದ.
— ಓದುಗರು, ಹುಬ್ಬಳ್ಳಿ

ನೀವು ಹೇಳಿದ ಜಾಗಗಳೇ ರೋಗದ ಹೆಸರು ಹೇಳುತ್ತಿವೆ. ಒಣಚರ್ಮವಾಗಿದ್ದರೆ ಕೆನ್ನೆ ಮೊದಲು ಒಣಗಬೇಕಿತ್ತು. ಎಣ್ಣೆ ಗ್ರಂಥಿ ಹೆಚ್ಚಿರುವ ಮೂಗಿನ ಪಕ್ಕ, ಹುಬ್ಬು, ಗಡ್ಡಗಳಲ್ಲೇ ತುಸು ಹಳದಿ, ಜಿಡ್ಡಾದ ಹೊಟ್ಟು ಬಂದು ಕೆಳಗೆ ಕೆಂಪಿದ್ದರೆ ಅದು ಬಹುತೇಕ ಸೆಬೊರಿಕ್ ಡರ್ಮಟೈಟಿಸ್. ತಲೆಹೊಟ್ಟು ಇದರದೇ ಸೌಮ್ಯ ರೂಪ. ಎಲ್ಲರ ಚರ್ಮದ ಮೇಲೂ ಇರುವ ಮಲಸೇಝಿಯಾ ಎಂಬ ಯೀಸ್ಟ್ ಕೊಬ್ಬಿನಾಮ್ಲ ತಿಂದು ಬದುಕುತ್ತದೆ. ನೀವು ಹಚ್ಚಿದ ಎರಡೂ ಎಣ್ಣೆ ಅದಕ್ಕೆ ಹಬ್ಬದೂಟ.

ಎಣ್ಣೆ ಇವತ್ತೇ ನಿಲ್ಲಿಸಿ. ಕಿಟೊಕೊನಜೋಲ್ ಶೇ 2 ಕ್ರೀಮನ್ನು ದಿನಕ್ಕೆರಡು ಸಲ, ಎರಡರಿಂದ ನಾಲ್ಕು ವಾರ ತೆಳ್ಳಗೆ ಹಚ್ಚಬೇಕು. ಗಡ್ಡಕ್ಕೂ ತಲೆಗೂ ಅದೇ ಔಷಧದ ಶಾಂಪೂ ವಾರಕ್ಕೆರಡು ಸಲ. ನೊರೆ ಐದು ನಿಮಿಷ ಇರಲಿ, ಹಚ್ಚಿದ ಕೂಡಲೇ ತೊಳೆದರೆ ಏನೂ ಆಗುವುದಿಲ್ಲ. ಅಂಗಡಿಯಲ್ಲಿ ಕೇಳುವಾಗ ಎಚ್ಚರ: ಹುಳುಕಡ್ಡಿಗೆ ಕೊಡುವ ಮೂರ್ನಾಲ್ಕು ಔಷಧ ಬೆರೆಸಿದ ಕ್ರೀಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ, ಅದು ಬೇಡ. ಮಾಯಿಶ್ಚರೈಸರ್ ಬೇಕೆನಿಸಿದರೆ ಗ್ಲಿಸರಿನ್, ಡೈಮೆಥಿಕೋನ್, ಲಿಕ್ವಿಡ್ ಪ್ಯಾರಾಫಿನ್ ಅಥವಾ ಸ್ಕ್ವಾಲೇನ್ ಇರುವುದು. ಇವುಗಳನ್ನು ಯೀಸ್ಟ್ ತಿನ್ನಲಾರದು. ಇದು ಹೋಗಿ ಬರುವ ಕಾಯಿಲೆ. ಚಳಿಗಾಲ, ನಿದ್ದೆಗೆಟ್ಟ ವಾರಗಳಲ್ಲಿ ಮತ್ತೆ ತಲೆ ಎತ್ತಿದರೆ ಗಾಬರಿ ಬೇಡ. ನಾಲ್ಕು ವಾರದಲ್ಲಿ ತಗ್ಗದಿದ್ದರೆ ಚರ್ಮವೈದ್ಯರಿಗೆ ತೋರಿಸಿ.

ಮಾಯಿಶ್ಚರೈಸರ್ ಮೇಲೆ ಸನ್‌ಸ್ಕ್ರೀನ್ ಉಜ್ಜಿದರೆ ರಬ್ಬರ್ ಪುಡಿಯ ಹಾಗೆ ಉರುಳೆ ಉರುಳೆಯಾಗಿ ಏಳುತ್ತದೆ. ಯಾಕೆ?
— ಓದುಗರು, ಮೈಸೂರು

ಕೆಳಗಿನ ಪದರ ಆರುವ ಮುಂಚೆ ಮೇಲಿನದನ್ನು ಉಜ್ಜಿದ್ದರಿಂದ. ಜೆಲ್‌ಗಳಲ್ಲಿ ಮಂದ ಮಾಡಲು ಹಾಕುವ ಕಾರ್ಬೊಮರ್, ಅಂಟು ಮತ್ತು ಸನ್‌ಸ್ಕ್ರೀನಿನ ಸಿಲಿಕೋನ್ ಒಂದಕ್ಕೊಂದು ಹೊಂದದಿದ್ದಾಗಲೂ ಹೀಗಾಗುತ್ತದೆ. ಐದು ನಿಮಿಷ ಬಿಡಿ, ಉಜ್ಜದೆ ತಟ್ಟಿ ಹರಡಿ. ಸೀರಂ, ಟೋನರ್, ಜೆಲ್ ಎಂದು ಕೆಳಗೆ ಮೂರು ಪದರ ಇದ್ದರೆ ಒಂದಕ್ಕೆ ಇಳಿಸಿ. ಆಗಲೂ ಎದ್ದರೆ ಆ ಜೋಡಿ ಕೂಡಿಬರುವುದಿಲ್ಲ, ಎರಡರಲ್ಲಿ ಒಂದನ್ನು ಬದಲಿಸಿ. ಎಸ್‌ಪಿಎಫ್ ಇರುವ ಮಾಯಿಶ್ಚರೈಸರ್ ಒಂದೇ ಸಾಕೇ ಎಂದೂ ಕೇಳಿದ್ದೀರಿ. ಸನ್‌ಸ್ಕ್ರೀನಿನ ಅಳತೆಯಲ್ಲಿ, ಅಂದರೆ ತೋರುಬೆರಳು ಮತ್ತು ನಡುಬೆರಳಿನ ಪೂರ್ತಿ ಉದ್ದಕ್ಕೆ ಎರಡು ಎಳೆ, ಅದನ್ನು ಹಚ್ಚಿದರೆ ಸಾಕು. ಯಾರೂ ಅಷ್ಟು ಹಚ್ಚುವುದಿಲ್ಲ.

ಮಂಡ್ಯದಿಂದ ಟೊರಾಂಟೊಗೆ ಬಂದು ಇದು ಮೊದಲ ಚಳಿಗಾಲ. ಊರಿನಲ್ಲಿ ಚೆನ್ನಾಗಿದ್ದ ಹಯಲುರೋನಿಕ್ ಸೀರಂ ಇಲ್ಲಿ ಹಚ್ಚಿದರೆ ಮುಖ ಇನ್ನೂ ಬಿಗಿಯುತ್ತದೆ.
— ಓದುಗರು, ಕೆನಡಾ

ಥಂಡಿಗಿಂತ ನಿಮ್ಮ ಮನೆಯ ಹೀಟರ್ ಹೆಚ್ಚು ಕಾಡುತ್ತಿದೆ. ತಣ್ಣನೆಯ ಗಾಳಿ ನೀರಾವಿಯನ್ನು ಹಿಡಿಯುವುದೇ ಕಡಿಮೆ. ಮೈನಸ್ 10 ಡಿಗ್ರಿಯ ಗಾಳಿಯನ್ನು ಒಳಗೆಳೆದು 21 ಡಿಗ್ರಿಗೆ ಕಾಯಿಸಿದರೆ, ಬೇರೆ ತೇವ ಸೇರದಿದ್ದರೆ, ಆರ್ದ್ರತೆ ಶೇ 10-12ಕ್ಕೆ ಕುಸಿಯುತ್ತದೆ. ಸೀರಂ ಹಿಡಿದುಕೊಂಡ ನೀರನ್ನು ಆ ಗಾಳಿ ಕುಡಿದುಬಿಡುತ್ತದೆ.

ಸೀರಂ ಬಿಡಲೇಬೇಕೆಂದಿಲ್ಲ. ಒದ್ದೆ ಮುಖಕ್ಕೆ ಹಚ್ಚಿ, ಅದು ಆರುವ ಮೊದಲೇ ಮೇಲೆ ಗಟ್ಟಿ ಕ್ರೀಮ್ ಹಾಕಿ. ರಾತ್ರಿ ಕೆನ್ನೆ ಮತ್ತು ತುಟಿಗೆ ಎಲ್ಲಕ್ಕಿಂತ ಮೇಲೆ ಪೆಟ್ರೋಲಿಯಂ ಜೆಲ್ಲಿಯ ತೆಳು ಪದರ. 1872ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಆದ ವ್ಯಾಸಲೀನ್ ಇದೇ ಪದಾರ್ಥ. ನೀರು ಆವಿಯಾಗುವುದನ್ನು ತಡೆಯುವುದರಲ್ಲಿ ಅದನ್ನು ಮೀರಿಸಿದ್ದು ಇವತ್ತಿಗೂ ಇಲ್ಲ. ಮಲಗುವ ಕೋಣೆಗೆ ಹ್ಯುಮಿಡಿಫೈಯರ್ ಇಟ್ಟು ಆರ್ದ್ರತೆಯನ್ನು ಶೇ 30ರಿಂದ 40ರೊಳಗೆ ನಿಲ್ಲಿಸಿ. ಇನ್ನೂ ಏರಿಸಿದರೆ ಕಿಟಕಿಯ ಗಾಜಿನಲ್ಲಿ ನೀರಿಳಿದು ಬೂಸ್ಟು ಹಿಡಿಯುತ್ತದೆ. ಹೊಸ ಹಿಮ ಬಿಸಿಲನ್ನು ಕನ್ನಡಿಯಂತೆ ಎರಚುವುದರಿಂದ ಹೊರಗೆ ಹೊರಡುವಾಗ ಸನ್‌ಸ್ಕ್ರೀನ್ ಇರಲಿ.

ನನ್ನ ತಂಗಿಗೆ ಕೆನ್ನೆ ಮೇಲೆ ಬಂಗು. ಪರಿಚಯದವರು ಹೇಳಿದ ಒಂದು ಕ್ರೀಮನ್ನು ಮೆಡಿಕಲ್‌ನಿಂದ ತಂದು ಮಾಯಿಶ್ಚರೈಸರ್ ಥರ ಎರಡು ವರ್ಷದಿಂದ ಹಚ್ಚುತ್ತಿದ್ದಾಳೆ. ಮೊದಲು ಬೆಳ್ಳಗಾಯಿತು. ಈಗ ಒಂದು ದಿನ ಬಿಟ್ಟರೂ ಮುಖ ಕೆಂಪಗೆ ಉರಿಯುತ್ತದೆ, ಬಿಸಿಲಿಗೆ ಹೋಗಲಾಗದು. ಒಳ್ಳೆಯ ಮಾಯಿಶ್ಚರೈಸರ್ ಹೇಳಿ.
— ಓದುಗರು, ತುಮಕೂರು

ಇಲ್ಲಿ ಮಾಯಿಶ್ಚರೈಸರ್ ಒಂದರಿಂದ ಬಗೆಹರಿಯುವುದಿಲ್ಲ. ಟ್ಯೂಬಿನ ಮೇಲೆ ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೊಬೆಟಾಸಾಲ್, ಫ್ಲೂಸಿನೊಲೋನ್ ಈ ನಾಲ್ಕರಲ್ಲಿ ಯಾವುದಾದರೂ ಇದೆಯೇ ನೋಡಿ. ಇದ್ದರೆ ಅದು ಸ್ಟೀರಾಯ್ಡ್. ಹೈಡ್ರೊಕ್ವಿನೋನ್ ಮತ್ತು ಟ್ರೆಟಿನಾಯಿನ್ ಜೊತೆ ಬೆರೆಸಿದ ಇಂಥ ಕ್ರೀಮನ್ನು ಬಂಗಿಗೆ ವೈದ್ಯರೂ ಬರೆಯುತ್ತಾರೆ, ಆದರೆ ಕೆಲವೇ ವಾರಗಳಿಗೆ, ಕಣ್ಣಿಟ್ಟು ನೋಡುತ್ತ. ವರ್ಷಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ಕೆಂಪು ನರದೆಳೆಗಳು ಕಾಣತೊಡಗುತ್ತವೆ, ಮೊಡವೆ ಏಳುತ್ತದೆ, ಕೆನ್ನೆಯಲ್ಲಿ ಕೂದಲು ಬರುತ್ತದೆ. ಬಿಟ್ಟ ಕೂಡಲೇ ಉರಿ ಬರುವುದರಿಂದ ಮತ್ತೆ ಅದನ್ನೇ ಹಚ್ಚುತ್ತಾರೆ. ನಮ್ಮ ಚರ್ಮವೈದ್ಯರು ಇದಕ್ಕೆ ‘ಸ್ಟೀರಾಯ್ಡ್‌ನಿಂದ ಕೆಟ್ಟ ಮುಖ’ ಎಂದೇ ಹೆಸರಿಡಬೇಕಾಗಿ ಬಂದಿದೆ, ಅಷ್ಟು ಸಾಮಾನ್ಯ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು, ಅಂದರೆ ಚೀಟಿ ಇಲ್ಲದೆ ಮಾರುವಂತಿಲ್ಲ. ಮಾರಾಟ ನಿಂತಿಲ್ಲ ಎಂಬುದಕ್ಕೆ ನಿಮ್ಮ ಪತ್ರವೇ ಸಾಕ್ಷಿ.

ಈ ವಾರದಲ್ಲೇ ಚರ್ಮವೈದ್ಯರ ಬಳಿ ಕರೆದೊಯ್ಯಿರಿ, ಆ ಟ್ಯೂಬೂ ಕೈಯಲ್ಲಿರಲಿ. ಒಮ್ಮೆಲೇ ಬಿಡಿಸಬೇಕೋ ಹಂತ ಹಂತವಾಗಿ ಇಳಿಸಬೇಕೋ ಎಂಬುದನ್ನು ಮುಖ ನೋಡಿ ಅವರು ತೀರ್ಮಾನಿಸುತ್ತಾರೆ. ಉರಿ ತಣಿಯಲು ತಿಂಗಳುಗಳೇ ಬೇಕಾಗಬಹುದು ಎಂದು ತಂಗಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಮಧ್ಯದಲ್ಲಿ ಹಳೆಯ ಟ್ಯೂಬಿಗೇ ಮರಳುತ್ತಾಳೆ. ಅಷ್ಟರಲ್ಲಿ ಸೀರಂ, ಫೇಸ್‌ಪ್ಯಾಕ್, ಬ್ಲೀಚ್, ಫೇಶಿಯಲ್ ಯಾವುದೂ ಬೇಡ. ಪರಿಮಳವಿಲ್ಲದ, ಪಟ್ಟಿ ಚಿಕ್ಕದಾಗಿರುವ ಪ್ಯಾರಾಫಿನ್-ಗ್ಲಿಸರಿನ್ ಕ್ರೀಮನ್ನು ಬೇಕೆನಿಸಿದಾಗಲೆಲ್ಲ ಹಚ್ಚಲಿ. ಟ್ಯೂಬನ್ನು ಫ್ರಿಜ್ಜಿನಲ್ಲಿಟ್ಟರೆ ಹಚ್ಚುವಾಗ ಹಿತ. ಜಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್, ಕೊಡೆ.

ತಯಾರಕರ ವಿಳಾಸ, ಲೈಸೆನ್ಸ್ ಸಂಖ್ಯೆ, ಪದಾರ್ಥಗಳ ಪಟ್ಟಿ ಮೂರೂ ಇಲ್ಲದ, ವಾರದೊಳಗೆ ಬಿಳುಪಾಗಿಸುವ ಡಬ್ಬಿಯಾದರೆ ಇನ್ನೂ ಕೆಟ್ಟದ್ದು. ಅಂಥವುಗಳಲ್ಲಿ ಪಾದರಸ ಸಿಕ್ಕಿದ್ದುಂಟು, ಅದು ಮೂತ್ರಪಿಂಡವನ್ನೇ ಕೆಡಿಸುತ್ತದೆ. ನಮ್ಮ 2020ರ ಕಾಸ್ಮೆಟಿಕ್ಸ್ ನಿಯಮದ ಪ್ರಕಾರ ಮುಖದ ಕ್ರೀಮಿನಲ್ಲಿ ತಿಳಿಯದೆ ಸೇರಿದ ಪಾದರಸವೂ ಹತ್ತು ಲಕ್ಷಕ್ಕೆ ಒಂದು ಭಾಗವನ್ನು ಮೀರುವಂತಿಲ್ಲ. ಅಂಥದ್ದನ್ನು ಹಚ್ಚಿದವರ ಕಾಲು, ಮುಖ ಊದಿದ್ದರೆ, ಮೂತ್ರದಲ್ಲಿ ನೊರೆ ನಿಲ್ಲುತ್ತಿದ್ದರೆ ತಡಮಾಡದೆ ಮೂತ್ರ ಪರೀಕ್ಷೆ ಮಾಡಿಸಿ.

ಹಾಲಿನ ಕೆನೆ, ಲೋಳೆಸರ, ನಿಂಬೆರಸ ಇವೆಲ್ಲ ಮನೆಯಲ್ಲೇ ಇರುವಾಗ ಟ್ಯೂಬು ಯಾಕೆ?
— ಓದುಗರು, ಹಾಸನ

ಕೆನೆ ಹಚ್ಚಿ ಹತ್ತು ನಿಮಿಷಕ್ಕೆ ತೊಳೆದರೆ ಹಾನಿಯಿಲ್ಲ, ಉಪಯೋಗವೂ ತೊಳೆಯುವವರೆಗೆ ಮಾತ್ರ. ಕಡಲೆಹಿಟ್ಟು ಸೇರಿಸಿ ಉಜ್ಜಿದರೆ ಒಣಚರ್ಮ ಇನ್ನಷ್ಟು ಕೆರೆದುಹೋಗುತ್ತದೆ. ಲೋಳೆಸರದ ಎಲೆ ಕೊಯ್ದಾಗ ಸಿಪ್ಪೆಯ ಕೆಳಗಿನಿಂದ ಹಳದಿ ರಸ ಇಳಿಯುತ್ತದೆ, ನವೆ ಬರಿಸುವುದು ಅದು. ಎಲೆಯನ್ನು ಹತ್ತಿಪ್ಪತ್ತು ನಿಮಿಷ ನೆಟ್ಟಗೆ ನಿಲ್ಲಿಸಿ ರಸ ಬಸಿದು, ಒಳಗಿನ ತಿಳಿ ಲೋಳೆ ಮಾತ್ರ ತೊಳೆದು ತೆಗೆದುಕೊಳ್ಳಿ. ಅದು ತಂಪು ಕೊಡುತ್ತದೆ, ಆದರೆ ನೀರನ್ನು ತಡೆಯುವುದಿಲ್ಲ. ಮೇಲೆ ಕ್ರೀಮ್ ಬೇಕೇ ಬೇಕು. ನಿಂಬೆರಸ ಮುಖಕ್ಕೆ ಬೇಡವೇ ಬೇಡ. ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟಂತೆ ಗುಳ್ಳೆ ಎದ್ದು, ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯುತ್ತದೆ.

ನಮ್ಮ ತಂದೆಯವರಿಗೆ 72. ಮುಖ, ಕುತ್ತಿಗೆ, ಮೊಣಕಾಲ ಕೆಳಗೆ ನವೆ, ರಾತ್ರಿ ನಿದ್ದೆಯಿಲ್ಲ. ಅಂಗಡಿಯವರು ಯೂರಿಯಾ ಕ್ರೀಮ್ ಕೊಟ್ಟರು, ಕಾಲಿಗೆ ಆಗಿಬಂತು, ಮುಖಕ್ಕೆ ಹಚ್ಚಿದರೆ ಉರಿ ಅಂತಾರೆ.
— ಓದುಗರು, ಶಿವಮೊಗ್ಗ

ವಯಸ್ಸಾದಂತೆ ಚರ್ಮದ ಜಿಡ್ಡು ಕಡಿಮೆಯಾಗುತ್ತದೆ, ಮೇಲ್ಪದರ ದುರಸ್ತಿಯಾಗುವುದೂ ನಿಧಾನ. ಯೂರಿಯಾ ಶೇ 10 ಕಾಲಿಗೆ ಸರಿ. ಮುಖಕ್ಕೆ ಶೇ 5ಕ್ಕಿಂತ ಮೇಲೆ ಬೇಡ, ಕೆರೆದು ಗೀರಾಗಿರುವ ಜಾಗಕ್ಕಂತೂ ಅಷ್ಟೂ ಬೇಡ. ಮುಖಕ್ಕೆ ವೈಟ್ ಸಾಫ್ಟ್ ಪ್ಯಾರಾಫಿನ್ ಮತ್ತು ಗ್ಲಿಸರಿನ್ ಇರುವ ಪರಿಮಳವಿಲ್ಲದ ಕ್ರೀಮನ್ನು ಸ್ನಾನವಾದ ಕೂಡಲೇ ಒಮ್ಮೆ, ಮಲಗುವಾಗ ಒಮ್ಮೆ ಹಚ್ಚಿ. ಕ್ಷೌರ ಮಾಡುವ ದಿನ ಆಫ್ಟರ್‌ಶೇವ್, ಸ್ಫಟಿಕ ಬೇಡ, ಅದೇ ಕ್ರೀಮ್ ಸಾಕು. ಸ್ನಾನ ಹತ್ತು ನಿಮಿಷದೊಳಗೆ ಮುಗಿಯಲಿ, ಸೋಪು ಕಂಕುಳು ಮತ್ತು ತೊಡೆಸಂದಿಗೆ ಮಾತ್ರ.

ಎರಡು ಎಚ್ಚರಿಕೆ. ಕಾಲಿಗೆ ಕ್ರೀಮ್ ಹಚ್ಚಿಕೊಂಡು ಬಚ್ಚಲಿನ ನುಣ್ಣನೆಯ ನೆಲದಲ್ಲಿ ನಡೆದರೆ ಜಾರುತ್ತಾರೆ; ಕೂರಿಸಿ ಹಚ್ಚಿ, ಅಂಗಾಲು ಒರೆಸಿ ಎಬ್ಬಿಸಿ. ಪ್ಯಾರಾಫಿನ್ ಹೀರಿಕೊಂಡ ಪಂಚೆ, ಶಾಲು, ದಿಂಬಿನ ಚೀಲ ಬೆಂಕಿ ತಗುಲಿದರೆ ಬೇಗ ಹೊತ್ತಿಕೊಳ್ಳುತ್ತವೆ. ಬೀಡಿ ಸೇದುವವರಾದರೆ, ಚಳಿಗೆ ಒಲೆ ಮುಂದೆ ಕೂರುವವರಾದರೆ ಆ ಬಟ್ಟೆ ಬದಲಿಸಿ ಕೂರಲಿ, ಬಟ್ಟೆಗಳನ್ನು ಆಗಾಗ ಬಿಸಿನೀರಿನಲ್ಲಿ ಒಗೆಯಿರಿ.

ಮೂರು ವಾರ ಕ್ರಮವಾಗಿ ಹಚ್ಚಿದರೂ ನವೆ ತಗ್ಗದಿದ್ದರೆ ಕ್ರೀಮ್ ಬದಲಿಸುತ್ತ ಕೂರಬೇಡಿ. ನವೆಯ ಕಾರಣ ದೇಹದೊಳಗೂ ಇರಬಹುದು. ಥೈರಾಯ್ಡ್, ಸಕ್ಕರೆ, ಮೂತ್ರಪಿಂಡದ ಕ್ರಿಯಾಟಿನಿನ್, ಲಿವರ್ ಪರೀಕ್ಷೆ ಮತ್ತು ರಕ್ತದ ಕೌಂಟ್ ಮಾಡಿಸಿ. ನುಂಗುತ್ತಿರುವ ಮಾತ್ರೆಗಳ ಪಟ್ಟಿಯನ್ನೂ ವೈದ್ಯರಿಗೆ ತೋರಿಸಿ. ಮನೆಯಲ್ಲಿ ಇನ್ನೊಬ್ಬರಿಗೂ ರಾತ್ರಿ ನವೆ ಶುರುವಾಗಿದ್ದರೆ, ಬೆರಳ ಸಂದಿಯಲ್ಲಿ ಸಣ್ಣ ಗುಳ್ಳೆ ಕಂಡರೆ ಅದು ಬಹುತೇಕ ಕಜ್ಜಿ. ಆಗ ಮನೆಮಂದಿಗೆಲ್ಲ ಒಂದೇ ದಿನ ಔಷಧ ಹಚ್ಚಬೇಕಾಗುತ್ತದೆ.